ಒಂದೇ ದಾರದ ಗಡ್ಡೆ

ಫೆಬ್ರವರಿ 6

ಮುದ್ದು ಮೂಗುಮುರುಕಿಗೆ,

ನಿನ್ನ ಕಾಗದ ತಲುಪಿತು. ಸೋದರಮಾವ ಎಂಬುವವನೊಬ್ಬ ಇದ್ದಾನೆಂದು ನಿನಗೆ ನೆನಪಾಗುವುದು ಕೆಲಸ ಬಿದ್ದಾಗ ಮಾತ್ರ. ಅದು ಗೊತ್ತಿದ್ದರೂ ಕವರಿನ ಮೇಲೆ ನಿನ್ನ ಅಕ್ಷರ ನೋಡಿ ಸಂತೋಷವಾಯಿತು. ಆ ಸಂತೋಷ ಎರಡನೇ ಸಾಲಿನವರೆಗೆ ಇತ್ತು. ನಿನ್ನಪ್ಪನ ಎಡಗಡೆಯ ಕಿಡ್ನಿಯಲ್ಲಿ ಗಡ್ಡೆ ಬೆಳೆದಿದೆ ಎಂದು ಓದಿದ್ದೇ, ಕಾಗದವನ್ನು ನಿನ್ನತ್ತೆಯ ಕೈಗೆ ಕೊಟ್ಟು ಹಿತ್ತಿಲಿಗೆ ಹೋಗಿ ನಲ್ಲಿಯ ಹತ್ತಿರ ಸುಮ್ಮನೆ ನಿಂತುಬಿಟ್ಟೆ. ವಾಪಸ್ಸು ಬಂದರೆ ಅವಳು ಕೇಳುತ್ತಾಳೆ, "ಕಿಡ್ನಿ ಹೆಣೆಯೋಕೆ ಬರುತ್ತೇನ್ರೀ ನಿಮಗೆ?"

ಬರುತ್ತೇನ್ರೀ ಅಂತೆ! ಕಾಲುಚೀಲದ ಕಾರ್ಖಾನೆಯಲ್ಲಿ ಯಂತ್ರ ಕೈಕೊಟ್ಟ ದಿನ ಮ್ಯಾನೇಜರು ಇಂಜಿನಿಯರನ್ನು ಬಿಟ್ಟು ನನ್ನನ್ನು ಕರೆಯುತ್ತಿದ್ದ. ಹಿಮ್ಮಡಿಯ ತಿರುವನ್ನು ಬರೀ ಕಡ್ಡಿಯಲ್ಲಿ ಹೆಣೆದು ತೋರಿಸುತ್ತಿದ್ದವನು ನಾನೊಬ್ಬನೇ. ಆ ಹಿಮ್ಮಡಿಯನ್ನು ಎರಡೂ ಕಡೆ ಮುಚ್ಚಿ ಹತ್ತಿ ತುಂಬಿದರೆ ಅದೇ ಕಿಡ್ನಿ. ಊರ ಶಾಲೆಯಲ್ಲಿ ಏಳನೇ ಕ್ಲಾಸು ದಾಟದವನಿಗೆ ಇಷ್ಟು ತಿಳಿದಿದೆ. ನೀನು ಕೆಲಸ ಮಾಡುವ ಲೈಬ್ರರಿಯ ಯಾವ ಪುಸ್ತಕದಲ್ಲಿದೆ, ತೋರಿಸು.

ನಿನ್ನತ್ತೆಗೆ ಹೃದಯದ ವಾಲ್ವ್ ಬದಲಾಯಿಸಿದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ತಲೆ ಕೆಟ್ಟು ಕೆಂಪು ಉಲ್ಲನ್ನಿನಲ್ಲಿ ಒಂದು ಹೃದಯ ಹೆಣೆದಿದ್ದೆನಲ್ಲ, ಅವಳು ಕೆಮ್ಮು ಬಂದಾಗಲೆಲ್ಲ ಅದನ್ನೇ ಎದೆಗೆ ಒತ್ತಿ ಹಿಡಿಯುತ್ತಿದ್ದಳು. ದೊಡ್ಡ ಡಾಕ್ಟರೇ ಎತ್ತಿ ನೋಡಿ, "ನಾಳಗಳೆಲ್ಲ ಸರಿಯಾದ ಜಾಗದಲ್ಲಿವೆಯಲ್ಲ!" ಅಂದರು. ಆಮೇಲೆ ಪಕ್ಕದ ಮಂಚದವನಿಗೆ ಲಿವರ್, ಅಂಚೆಯವನ ತಾಯಿಗೆ ಶ್ವಾಸಕೋಶ, ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಥೈರಾಯ್ಡ್. ಈಗ ಈ ಬೀದಿಯಲ್ಲಿ ಯಾರಿಗೆ ಏನು ಕೆಟ್ಟರೂ ಮೊದಲು ನನಗೆ ಗೊತ್ತಾಗುತ್ತದೆ.

ಒಂದೇ ಒಂದು ವಿಷಯ ನನಗೆ ಜೀರ್ಣವಾಗಲಿಲ್ಲ. ಡಾಕ್ಟರು ಏಪ್ರಿಲ್ ಮುಗಿಯುವುದರೊಳಗೆ ಆ ಕಿಡ್ನಿಯನ್ನು ತೆಗೆಯಲೇಬೇಕು, ತಡವಾದರೆ ಹರಡುತ್ತದೆ ಎಂದಿದ್ದಾರೆ. ನೀವು ತಾಯಿ ಮಗಳು ಭಾವನಿಗೆ ಬರೀ ಕಲ್ಲು ಎಂದು ಹೇಳಿದ್ದೀರಿ. ಅವರು ಕಲ್ಲಿಗೆ ಯಾರು ಹೊಟ್ಟೆ ಕೊಯ್ಸಿಕೊಳ್ಳುತ್ತಾರೆ ಎಂದು ನೀರು ಕುಡಿಯುತ್ತಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ಇದರಲ್ಲಿ ತಪ್ಪು ಅವರದ್ದಾ? ನಿನ್ನ ದೊಡ್ಡಪ್ಪ ಆ ರೋಗದ ಹೆಸರು ಕೇಳಿದ ದಿನವೇ ಗೋಡೆಗೆ ಮುಖ ಮಾಡಿ ಮಲಗಿದವರು ಏಳಲಿಲ್ಲ ಎಂದು ಬರೆದಿದ್ದೀಯ. ಒಪ್ಪುತ್ತೇನೆ. ಆದರೆ ನಿನ್ನಪ್ಪ ದೊಡ್ಡಪ್ಪನಲ್ಲವಲ್ಲ ಮಾರಾಯ್ತಿ!

ಇರಲಿ. ನಿನ್ನ ಮನೆಯ ಮಾತು ನಿನ್ನದು. ನೀನು ಕೇಳಿರುವ ಉಲ್ಲನ್ನಿನ ನಗುಮುಖದ ಕಿಡ್ನಿ ನೋಡಿ ಅವರ ಭಯ ಹೋಗಿ ಆಪರೇಷನ್ನಿಗೆ ಒಪ್ಪುತ್ತಾರೆ ಎಂದು ನಿನಗೆ ಅನ್ನಿಸಿದರೆ ಹೆಣೆದು ಕಳಿಸುತ್ತೇನೆ. ಸ್ಕ್ಯಾನಿಂಗಿನ ಚಿತ್ರ ಕಳಿಸು. ಅಂದಾಜಿನ ಕೆಲಸ ನನ್ನ ಕೈಯಿಂದ ಆಗುವುದಿಲ್ಲ.

ಇಂತಿ,
ನಿನ್ನ ಬಡಾಯಿ ಮಾವ
(ಈ ಹೆಸರು ಇಟ್ಟದ್ದು ನಿನ್ನಪ್ಪ. ನಾನು ಅದನ್ನು ಬಿರುದು ಎಂದುಕೊಂಡಿದ್ದೇನೆ.)

ಫೆಬ್ರವರಿ 15

ಮಾವ,

ಚಿತ್ರ ಇದರ ಜೊತೆಗಿದೆ. ಡಾಕ್ಟರು ನನಗೆ ಅರ್ಥವಾಗಲೆಂದು ಪೆನ್ನಿನಲ್ಲಿ ಬರೆದು ತೋರಿಸಿದ್ದೂ ಇದೆ. ಅಂಗೈಯಷ್ಟಿದ್ದರೆ ಸಾಕು. ಮೆತ್ತಗಿರಲಿ, ಕಣ್ಣು ಬಾಯಿ ಇರಲಿ. ಅದರ ಜೊತೆ ಅಪ್ಪನಿಗೆ ಚೀಟಿ ಏನೂ ಬರೆಯಬೇಡಿ. ನಿಮಗೆ ಒಂದು ಸಾಲು ಬರೆಯಲು ಬಿಟ್ಟರೆ ನಾಲ್ಕು ಪುಟ ಆಗುತ್ತದೆ.

ನಿಮಗೆ ಅಲ್ಲಿ ಕೂತು ಹೇಳುವುದು ಸುಲಭ. ಅಪ್ಪ ನಿನ್ನೆಯೂ ಮಧ್ಯಾಹ್ನ ಅಂಗಡಿಯಲ್ಲಿ ಬಟ್ಟೆಯ ರಾಶಿಯ ಮೇಲೆ ಸೊಂಟ ಹಿಡಿದು ಮಲಗಿದ್ದರು. ನಾನು ಹೋದ ಕೂಡಲೇ ಎದ್ದು ಕತ್ತರಿ ಹಿಡಿದರು. "ಕಲ್ಲು ಇಳೀತಾ ಇದೆ ಕಣೇ, ಅದಕ್ಕೇ ನೋವು" ಅನ್ನುತ್ತಾರೆ. ನಾನು ಹೌದಪ್ಪ ಅನ್ನುತ್ತೇನೆ. ಅಮ್ಮ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಾಳೆ. ಡಾಕ್ಟರು ಪ್ರತಿ ಸಲವೂ, "ಅವರಿಗೆ ಯಾವಾಗ ಹೇಳ್ತೀರಾ? ಗೊತ್ತಿಲ್ಲದವರ ಹತ್ತಿರ ನಾನು ಸಹಿ ಹಾಕಿಸಿಕೊಳ್ಳಲ್ಲ" ಎಂದು ಗದರಿಸುತ್ತಾರೆ. ಮೊದಲು ಆಸ್ಪತ್ರೆಯ ಬಾಗಿಲವರೆಗೆ ಕರೆತರುತ್ತೇನೆ, ಆಮೇಲೆ ಹೇಳೋಣ ಎಂದು ಕೈಮುಗಿದಿದ್ದೇನೆ.

ದಯವಿಟ್ಟು ಹೇಳಿದಷ್ಟೇ ಮಾಡಿ.

ನಿಮ್ಮ ಸೊಸೆ

ಮಾರ್ಚ್ 2

ಮೂಗುಮುರುಕಿಗೆ,

ಪಾರ್ಸೆಲ್ಲನ್ನು ಇವತ್ತು ಬೆಳಿಗ್ಗೆ ನಿನ್ನಪ್ಪನ ಅಂಗಡಿಯ ವಿಳಾಸಕ್ಕೇ ಕಳಿಸಿದ್ದೇನೆ. ಉಡುಗೊರೆ ಅಂದರೆ ನೇರ ಕೈಗೆ ಸೇರಬೇಕು. ಈ ಕಾಗದ ನಿನಗೆ ಸಿಗುವುದರೊಳಗೆ ಭಾವ ಅದನ್ನು ಹಿಡಿದುಕೊಂಡು ನಗುತ್ತಿರುತ್ತಾರೆ.

ಕೇಳು, ಹೇಗೆ ಮಾಡಿದೆ ಎಂದು. ಚಿತ್ರವನ್ನು ಕಿಟಕಿಯ ಗಾಜಿಗೆ ಅಂಟಿಸಿ ಮೂರು ದಿನ ಬರೀ ನೋಡಿದೆ. ಬಣ್ಣಕ್ಕೆ ಅಂಗಡಿ ಅಂಗಡಿ ಸುತ್ತಿದೆ. ಒಬ್ಬನಂತೂ ಇಟ್ಟಿಗೆಯ ಬಣ್ಣ ತೋರಿಸಿದ! ಕೊನೆಗೆ ನಿನ್ನತ್ತೆಯ ಹಳೆಯ ಸ್ವೆಟರನ್ನು ಅವಳಿಗೆ ಕಾಣದಂತೆ ಬಿಚ್ಚಿ ಆ ದಾರ ತೆಗೆದೆ. (ಚಳಿ ಬಂದಾಗ ನನಗೆ ಇದೆ.) ಹೆಣೆದು ಮುಗಿಸಿ ನೋಡಿದರೆ ಕಿಡ್ನಿ ಕಿಡ್ನಿಯ ಹಾಗೇ ಇದೆ, ಆದರೆ ಚಿತ್ರದ ಹಾಗಿಲ್ಲ. ಕೆಳತುದಿಯಲ್ಲಿ ಡಾಕ್ಟರು ಬರೆದ ಉಬ್ಬು ಇಲ್ಲ. ನೀನು ಅದನ್ನು ಹಾಕು ಅಂದಿಲ್ಲ, ಬಿಡು ಅಂತಲೂ ಅಂದಿಲ್ಲ. ಹೇಗೂ ಭಾವ ಅದನ್ನು ಕಲ್ಲು ಎಂದುಕೊಳ್ಳುತ್ತಾರೆ, ನಿನ್ನ ಮಾತಿಗೆ ಸಾಕ್ಷಿಯೂ ಆಯಿತು ಎಂದು ಹಾಕಿಬಿಟ್ಟೆ.

ಬೇರೆ ಯಾರಾದರೂ ಆಗಿದ್ದರೆ ಒಂದು ಉಂಡೆ ಹೆಣೆದು ಸೂಜಿಯಲ್ಲಿ ಹೊಲಿದು ಅಂಟಿಸುತ್ತಿದ್ದರು. ಥೂ, ಅದು ಕೋಟಿನ ಗುಂಡಿಯ ಹಾಗೆ ಕಾಣುತ್ತದೆ. ನಾನು ಕಿಡ್ನಿಯ ಮೈಮೇಲಿನ ಕುಣಿಕೆಗಳನ್ನೇ ಒಂದೊಂದಾಗಿ ಕಡ್ಡಿಗೆ ಎತ್ತಿಕೊಂಡು ಅಲ್ಲಿಂದಲೇ ಹೊರಕ್ಕೆ ಬೆಳೆಸಿದೆ. ಅದೇ ದಾರ. ಎಲ್ಲಿ ಕಿಡ್ನಿ ಮುಗಿಯಿತು, ಎಲ್ಲಿ ಉಬ್ಬು ಶುರುವಾಯಿತು ಎಂದು ಬೆರಳಾಡಿಸಿದರೂ ಗೊತ್ತಾಗುವುದಿಲ್ಲ. ನಿನ್ನಪ್ಪ ನಲವತ್ತು ವರ್ಷದಿಂದ ದರ್ಜಿ, ನನ್ನ ಕೆಲಸದಲ್ಲಿ ಕೊಂಕು ಹುಡುಕುವುದೇ ಅವರಿಗೆ ಹಬ್ಬ. ಈ ಸಲ ಹೊಲಿಗೆ ಹುಡುಕಲಿ ನೋಡೋಣ!

ನಗುವನ್ನೂ ಹಾಕಿದ್ದೇನೆ. ಸ್ವಲ್ಪ ಸೊಟ್ಟಗಾಗಿದೆ, ಅದು ಕಿಡ್ನಿಯ ಸ್ವಭಾವ ಎಂದುಕೋ.

ಇಂತಿ,
ಕಲಾವಿದನಾದ ನಿನ್ನ ಮಾವ

ಮಾರ್ಚ್ 9

ಮಾವ,

ನಿಮ್ಮ ಕಾಗದ ನನಗೆ ಸಿಕ್ಕಿದ್ದು ಪಾರ್ಸೆಲ್ ಒಡೆದ ಮಾರನೆಯ ದಿನ.

ನಾನು ಕೆಲಸ ಮುಗಿಸಿ ಅಂಗಡಿಗೆ ಹೋದಾಗ ಅಪ್ಪ ಅದನ್ನು ದೀಪದ ಕೆಳಗಿಟ್ಟುಕೊಂಡಿದ್ದರು. ನಗುತ್ತಿರಲಿಲ್ಲ. ಹಿಂದೆ ಮುಂದೆ ತಿರುಗಿಸಿ, ಸಣ್ಣ ಕತ್ತರಿಯಲ್ಲಿ ಹಿಂಬದಿಯ ದಾರ ಬಿಚ್ಚಿ, ಹತ್ತಿಯನ್ನೆಲ್ಲ ಮೇಜಿನ ಮೇಲೆ ಹಾಕಿ, ಅದನ್ನು ಅಂಗಿಯ ತೋಳಿನ ಹಾಗೆ ಒಳಗಿನಿಂದ ಹೊರಕ್ಕೆ ಮಗುಚಿದ್ದರು.

"ಇದೇನೇ ಇದು?" ಅಂದರು.

"ಕಲ್ಲಪ್ಪಾ" ಅಂದೆ.

"ಕಲ್ಲಾದರೆ ಒಳಗೆ ಬೇರೆಯಾಗಿ ಇರಬೇಕಿತ್ತು. ಜೇಬಲ್ಲಿ ಗೋಲಿ ಇದ್ದ ಹಾಗೆ. ಇದು ಬಟ್ಟೆಯಿಂದಲೇ ಬೆಳೆದಿದೆ. ಅಂಟಿಸಿದ್ದಲ್ಲ."

"ಮಾವನಿಗೆ ಹೆಣೆಯೋಕೆ ಬರಲ್ಲಪ್ಪ."

"ಅವನ ಬಾಯಿ ಸುಳ್ಳು ಹೇಳುತ್ತೆ. ಅವನಿಗೆ ಹೆಣೆಯೋಕೆ ಬರಲ್ಲ ಅಂತ ಮಾತ್ರ ಹೇಳಬೇಡ."

ನನಗೆ ಇನ್ನೊಂದು ಸುಳ್ಳು ಹೊಳೆಯಲಿಲ್ಲ. ಮೇಜಿನ ಮೇಲಿನ ಹತ್ತಿ ಆಯತೊಡಗಿದೆ. ಅಪ್ಪ ನನ್ನ ಮುಖವನ್ನು ಎಷ್ಟೋ ಹೊತ್ತು ನೋಡಿದರು. ಆಮೇಲೆ, "ನಿಮ್ಮಮ್ಮನಿಗೂ ಗೊತ್ತಾ?" ಎಂದು ಕೇಳಿದರು. ತಲೆ ಆಡಿಸಿದೆ. ಅಷ್ಟೇ. ಅಂದಿನಿಂದ ನಮ್ಮಿಬ್ಬರ ಜೊತೆ ಮಾತಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಾರೆ, ಎದ್ದು ಅಂಗಡಿಗೆ ಹೋಗುತ್ತಾರೆ. ಆಸ್ಪತ್ರೆಯ ಹೆಸರೆತ್ತಿದರೆ ಯಂತ್ರವನ್ನು ಜೋರಾಗಿ ತುಳಿಯುತ್ತಾರೆ. ಮೊನ್ನೆ ಡಾಕ್ಟರು ಬರಹೇಳಿದ್ದರು. ಹೋಗಲಿಲ್ಲ. ಏಪ್ರಿಲ್ ಹತ್ತಿರ ಬರುತ್ತಿದೆ ಮಾವ.

ನೀವು ಬೇಕೆಂದೇ ಮಾಡಿದಿರಿ. ನಾವು ಮುಚ್ಚಿಟ್ಟಿದ್ದು ನಿಮಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಬಾಯಲ್ಲಿ ಹೇಳುವ ಧೈರ್ಯವಿಲ್ಲದೆ ಕಡ್ಡಿಯಲ್ಲಿ ಹೇಳಿದಿರಿ. ಇನ್ನು ನನಗೆ ಬರೆಯಬೇಡಿ.

ಸಹಿ ಹಾಕುವುದಕ್ಕೂ ಮನಸ್ಸಿಲ್ಲ.

ಮಾರ್ಚ್ 16

ಬಡಾಯಿಗೆ,

ನಾನು ಕಾಗದ ಬರೆಯುವವನಲ್ಲ, ನಿನಗೆ ಗೊತ್ತು. ಅಳತೆ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ.

ಇಷ್ಟು ವರ್ಷ ನಿನ್ನನ್ನು ಬರೀ ಬಾಯಿ ಎಂದುಕೊಂಡಿದ್ದೆ. ತಪ್ಪು. ನನ್ನ ಮನೆಯಲ್ಲಿ ಎಲ್ಲರೂ ಸೇರಿ ನನ್ನನ್ನು ಮಗುವಿನ ಹಾಗೆ ಆಡಿಸುತ್ತಿದ್ದಾಗ ನಿಜ ತಿಳಿಸಿದವನು ನೀನೊಬ್ಬ. ಅದೂ ಯಾರ ಮಾನವೂ ಹೋಗದ ಹಾಗೆ, ನನಗೆ ಮಾತ್ರ ಅರ್ಥವಾಗುವ ಭಾಷೆಯಲ್ಲಿ. ನಿನಗೆ ಇಷ್ಟು ಬುದ್ಧಿ ಇದೆ ಎಂದು ಗೊತ್ತಿರಲಿಲ್ಲ.

ಒಂದು ಕೆಲಸ ಮಾಡು. ಆ ಡಾಕ್ಟರ ಹತ್ತಿರ ನೀನೇ ಹೋಗಿ ಕೇಳು. ಕೆಟ್ಟಿರುವುದು ಒಂದೋ ಎರಡೋ? ಕೊಯ್ಸಿಕೊಂಡರೆ ಏನು, ಬಿಟ್ಟರೆ ಏನು? ಇವರಿಬ್ಬರು ಏನು ಹೇಳಿದರೂ ಇನ್ನು ನಾನು ನಂಬುವುದಿಲ್ಲ. ನೀನು ಕೊಯ್ಸಿಕೊಳ್ಳಿ ಅಂದರೆ ಕೊಯ್ಸಿಕೊಳ್ಳುತ್ತೇನೆ. ಬೇಡ ಅಂದರೆ ಇಲ್ಲ.

ನಿನ್ನ ಅಕ್ಕನ ಗಂಡ

ಮಾರ್ಚ್ 21

ಮೂಗುಮುರುಕಿಗೆ,

ಬರೆಯಬೇಡಿ ಅಂದಿದ್ದೀಯ. ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿ.

ನನ್ನ ಪಾಡು ಯಾರಿಗೂ ಬೇಡ. ಬೇಕೆಂದೇ ಹೇಳಿದಿರಿ ಎಂದು ನೀನು ಬೈಯುತ್ತೀಯ. ಬೇಕೆಂದೇ ಹೇಳಿದೆ ಎಂದು ನಿನ್ನಪ್ಪ ಹೊಗಳುತ್ತಾರೆ. ನಾನು ಏನನ್ನೂ ಹೇಳಲಿಲ್ಲವಲ್ಲ! ಅಂಟಿಸಿದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಬೆಳೆಸಿದೆ, ಅಷ್ಟೇ. ನಿನ್ನಪ್ಪನ ಮುಂದೆ ಕೈಚಳಕ ತೋರಿಸಬೇಕಿತ್ತು. ಗಡ್ಡೆ ಬೇರೆ, ಕಲ್ಲು ಬೇರೆ ಎಂಬುದು ಆ ಹೊತ್ತಿಗೆ ನನ್ನ ತಲೆಯಲ್ಲಿ ಇರಲೇ ಇಲ್ಲ. ದರ್ಜಿಯ ಕಣ್ಣಿಗೆ ಹೊಲಿಗೆ ಇಲ್ಲದಿರುವುದೇ ಮೊದಲು ಕಾಣುತ್ತದೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹುಟ್ಟಿದಂದಿನಿಂದ ಮಾಡದ ಕೆಲಸಕ್ಕೂ ಹೊಗಳಿಸಿಕೊಂಡವನು ನಾನು. ಭಾವನ ಬಾಯಿಂದ ಒಂದು ಒಳ್ಳೆ ಮಾತು ಕೇಳಲು ಎಷ್ಟು ವರ್ಷ ಕಾದಿದ್ದೇನೆ ಎಂದು ನಿನಗೇನು ಗೊತ್ತು? ಈಗ ಕಾಗದದಲ್ಲಿ ಬರೆದು ಕಳಿಸಿದ್ದಾರೆ, ನನಗೆ ಬುದ್ಧಿ ಇದೆ ಎಂದು. ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಿತ್ತು. ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ, ಇರುವೆ ಹೊಕ್ಕ ಹಾಗಿದೆ.

ಅವರು ಕೇಳಿಕೊಂಡಂತೆ ಬಸ್ಸು ಹತ್ತಿ ಬಂದು ನಿಮ್ಮ ಡಾಕ್ಟರನ್ನೂ ನೋಡಿದೆ. ನಿನಗೆ ಹೇಳಲಿಲ್ಲ, ನೀನು ಬಾಗಿಲು ತೆಗೆಯುತ್ತಿದ್ದೆಯೋ ಇಲ್ಲವೋ. ಅರ್ಧ ದಿನ ಕಾಯಿಸಿ ಒಳಗೆ ಕರೆದರು. "ರೋಗಿ ಯಾರು?" "ಅಕ್ಕನ ಗಂಡ." "ಅವರೆಲ್ಲಿ?" "ಅಂಗಡಿಯಲ್ಲಿ." "ಮಗಳು ಬರ್ತಾಳೆ, ಹೆಂಡತಿ ಬರ್ತಾರೆ, ಈಗ ಬಾಮೈದ ಬಂದಿದೀರ. ಕಿಡ್ನಿ ಇರೋವ್ರೊಬ್ಬರನ್ನ ಬಿಟ್ಟು ಮನೆಮಂದಿಯೆಲ್ಲ ಬಂದಾಯ್ತು. ಹೋಗಿ, ಅವರನ್ನು ಕಳಿಸಿ. ಅವರಿಗೇ ಹೇಳ್ತೀನಿ." ನಾನು ನಾಳಗಳ ಬಗ್ಗೆ ಏನೋ ಹೇಳಲು ಹೋದೆ. ನರ್ಸಮ್ಮ ತೋಳು ಹಿಡಿದು ಹೊರಗೆ ಬಿಟ್ಟಳು.

ಈಗ ಹೇಳು. ಡಾಕ್ಟರು ಹೇಳಿದರು ಎಂದು ಒಂದು ಸುಳ್ಳು ಬರೆದು, ಕೊಯ್ಸಿಕೊಳ್ಳಿ ಭಾವ ಅಂದರೆ ಅವರು ನಾಳೆಯೇ ಹೊರಡುತ್ತಾರೆ. ನಿಜ ಬರೆದರೆ ಅವರಿಗೆ ನಂಬಲು ಈ ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ. ಯಾವುದನ್ನು ಬರೆಯಲಿ? ಒಂದು ಸಾಲು ಬರೆದರೂ ಸಾಕು.

ಮಾವ

ಏಪ್ರಿಲ್ 1

ಭಾವನವರಿಗೆ ನಮಸ್ಕಾರಗಳು.

ನಿಮ್ಮ ಮಗಳ ಉತ್ತರಕ್ಕೆ ಹತ್ತು ದಿನ ಕಾದೆ. ಬರಲಿಲ್ಲ. ಆದ್ದರಿಂದ ಇದು ನನ್ನ ಸ್ವಂತ ಬುದ್ಧಿ. ಎಷ್ಟಿದೆಯೋ ಅಷ್ಟು.

ನಿಮಗೆ ನಿಜ ತಿಳಿಸಬೇಕೆಂದು ನಾನು ಅದನ್ನು ಹಾಗೆ ಹೆಣೆಯಲಿಲ್ಲ. ಗಡ್ಡೆ ಎಂದು ನನಗೆ ಫೆಬ್ರವರಿಯಿಂದಲೇ ಗೊತ್ತಿತ್ತು. ನೀವು ಕಲ್ಲು ಎಂದೇ ನಂಬಿರಬೇಕು ಎಂದು ನಾನೂ ಬಯಸಿದ್ದೆ. ಅವರಿಬ್ಬರ ಸುಳ್ಳಿನಲ್ಲಿ ನನ್ನದೂ ಪಾಲಿದೆ. ಹೊಲಿಗೆ ಕಾಣದ ಹಾಗೆ ಮಾಡಿ ನಿಮ್ಮ ಬಾಯಿ ಮುಚ್ಚಿಸಬೇಕು ಎಂಬುದೊಂದೇ ನನ್ನ ಹಟವಾಗಿತ್ತು. ನಿಮಗೆ ಸಿಟ್ಟಿದ್ದರೆ ಅಕ್ಕ, ನಿಮ್ಮ ಮಗಳು, ನಾನು, ಮೂವರಿಗೂ ಸಮನಾಗಿ ಹಂಚಿ. ನನಗೆ ಬೇಕಾದರೆ ಒಂದು ತುತ್ತು ಹೆಚ್ಚು ಬಡಿಸಿ.

ಡಾಕ್ಟರು ನನಗೆ ಏನೂ ಹೇಳಲಿಲ್ಲ. ಬೈದು ಕಳಿಸಿದರು. ಒಂದೋ ಎರಡೋ, ಕೊಯ್ದರೆ ಏನು, ಬಿಟ್ಟರೆ ಏನು ಎಂದು ನಿಮಗೆ ಬಿಟ್ಟು ಬೇರೆ ಯಾರಿಗೂ ಹೇಳುವುದಿಲ್ಲವಂತೆ. ಹಾಗಾಗಿ ಕೊಯ್ಸಿಕೊಳ್ಳಿ ಎಂದೂ ನಾನು ಹೇಳಲಾರೆ, ಬೇಡ ಎಂದೂ ಹೇಳಲಾರೆ. ಹೇಳಬಲ್ಲದ್ದು ಒಂದೇ. ನೀವೇ ಹೋಗಿ. ಗಿರಾಕಿ ಬಾರದೆ ಅಳತೆ ತೆಗೆಯುವುದಿಲ್ಲ ಎಂದು ಹಟ ಹಿಡಿಯುವ ನೀವು ನಿಮ್ಮ ಹೊಟ್ಟೆಯ ಅಳತೆಗೆ ನನ್ನನ್ನು ಕಳಿಸಿದಿರಲ್ಲ, ನಾಚಿಕೆಯಾಗಲಿಲ್ಲವೇ?

ಸಿಟ್ಟಿನಲ್ಲಿ ಬರೆದಿದ್ದೇನೆ, ಕ್ಷಮಿಸಬೇಡಿ. ಮೊದಲು ಡಾಕ್ಟರ ಹತ್ತಿರ ಹೋಗಿ, ಆಮೇಲೆ ಕ್ಷಮಿಸುವುದೋ ಬಿಡುವುದೋ ನೋಡಿದರಾಯಿತು.

ನಿಮ್ಮ ಬಾಮೈದ

ಏಪ್ರಿಲ್ 9

ಬಡಾಯಿಗೆ,

ನಿನಗೆ ಅಷ್ಟು ಬುದ್ಧಿ ಇದ್ದಿರಲಾರದು ಎಂದು ಎಲ್ಲೋ ಒಂದು ಕಡೆ ಅನುಮಾನ ಇತ್ತು. ಪರಿಹಾರವಾಯಿತು.

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೂ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ ಅಂಗಡಿಗೆ ಬೀಗ ಹಾಕಿ ಹೋಗಿ ಬಂದೆ. ಒಂಟಿಯಾಗಿ. ಡಾಕ್ಟರು ಖುರ್ಚಿ ಎಳೆದುಕೊಂಡು ಕೂತು ಕಾಗದದ ಮೇಲೆ ಬರೆದು ತೋರಿಸಿದರು. ಕೆಟ್ಟಿರುವುದು ಒಂದು. ಇನ್ನೊಂದು ಚೆನ್ನಾಗಿದೆ, ಅದೊಂದರಲ್ಲೇ ಬದುಕಬಹುದು. ಹರಡಿದೆಯೋ ಇಲ್ಲವೋ ತೆರೆದು ನೋಡಿದ ಮೇಲೆ ಗೊತ್ತು. ಭಯವಾಯಿತು. ಆದರೆ ನನ್ನ ಭಯ ನನ್ನ ಕೈಗೆ ಬಂತಲ್ಲ, ಅಷ್ಟು ಸಾಕು. ಸಹಿ ಹಾಕಿದೆ. ಹದಿನೆಂಟಕ್ಕೆ ಬೆಳಿಗ್ಗೆ ಎಂಟಕ್ಕೆ ಬರಬೇಕು.

ನಿನ್ನ ಅಕ್ಕನಿಗೂ ನನ್ನ ಮಗಳಿಗೂ ಹೇಳಿಲ್ಲ. ನೀನೂ ಹೇಳಬೇಡ. ಮನೆಯವರ ಮೈಯಲ್ಲಿ ಏನಾಗುತ್ತಿದೆ ಎಂದು ಗೊತ್ತಿಲ್ಲದೆ ಓಡಾಡುವುದು ಹೇಗಿರುತ್ತದೆ, ಅವರೂ ಸ್ವಲ್ಪ ನೋಡಲಿ.

ಇನ್ನೊಂದು. ಎಲ್ಲರಿಗೂ ಕೆಟ್ಟದ್ದನ್ನೇ ಹೆಣೆದು ಕಳಿಸುತ್ತೀಯಲ್ಲ, ಅದು ಹೇಗೂ ಬಕೆಟ್ಟಿಗೆ ಹೋಗುವಂಥದ್ದು. ಇನ್ನು ಮುಂದೆ ದುಡಿಯಬೇಕಾದ್ದು ಬಲಗಡೆಯದು. ಅದನ್ನು ಹೆಣೆದು ಕಳಿಸು. ನಗು ಬೇಡ, ಕೈಚಳಕ ಬೇಡ. ಸಾದಾ.

ನಿನ್ನ ಭಾವ

ಏಪ್ರಿಲ್ 14

ಮೂಗುಮುರುಕಿಗೆ, ಜರೂರು.

ನಿನ್ನಪ್ಪ ಹೇಳಬೇಡ ಅಂದಿದ್ದಾರೆ. ಈ ಸಲ ನಾನು ಬೇಕೆಂದೇ ಹೇಳುತ್ತಿದ್ದೇನೆ, ಬೈಯುವುದಾದರೆ ಇದಕ್ಕೆ ಬೈಯಿರಿ ಇಬ್ಬರೂ. ಹದಿನೆಂಟರಂದು ಅವರು ಆಪರೇಷನ್ನಿಗೆ ಒಬ್ಬರೇ ಹೋಗುತ್ತಿದ್ದಾರೆ. ಎಲ್ಲ ಕೇಳಿಕೊಂಡು, ಎಲ್ಲ ತಿಳಿದುಕೊಂಡು, ತಾವೇ ಸಹಿ ಹಾಕಿದ್ದಾರೆ. ಎಂಟು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿ ನೀನೂ ಅಕ್ಕನೂ ಇರಬೇಕು. ಮಾತಾಡಿಸದಿದ್ದರೆ ಸುಮ್ಮನೆ ಹಿಂದೆ ಹಿಂದೆ ನಡೆಯಿರಿ.

ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಯಿತಮ್ಮಾ ನಿಮ್ಮ ಮನೆಯವರ ಸಹವಾಸ! ಕಾಲುಚೀಲ ಹೆಣೆದುಕೊಂಡಿದ್ದವನನ್ನು ತಂದು ಎಲ್ಲಿ ಸಿಕ್ಕಿಸಿದಿರಿ. ನಾನು ಬರಬೇಕೆಂದಿದ್ದೆ, ನಿನ್ನತ್ತೆಗೆ ಎರಡು ದಿನದಿಂದ ಉಸಿರು ಕಟ್ಟುತ್ತಿದೆ, ಬಿಟ್ಟು ಬರುವ ಹಾಗಿಲ್ಲ. ಜೊತೆಗಿರುವ ಪೊಟ್ಟಣ ಅವರಿಗೆ ಕೊಡು. ನಾಲ್ಕು ಸಲ ಬಿಚ್ಚಿ ಹೆಣೆದೆ. ಸಾದಾ ಅಂದರೆ ಸಾದಾ ಮಾಡಲು ನನ್ನ ಕೈ ಕೇಳುವುದೇ ಇಲ್ಲ.

ಮಾವ

ಏಪ್ರಿಲ್ 20

ಮಾವ,

ನಿಮ್ಮ ಕಾಗದ ಹದಿನೇಳರ ಸಂಜೆ ಬಂತು. ಅಮ್ಮನಿಗೆ ಆಗಲೇ ಓದಿ ಹೇಳಿದೆ. ಬೆಳಿಗ್ಗೆ ಅಪ್ಪ ಚೀಲ ಹಿಡಿದುಕೊಂಡು ಆಸ್ಪತ್ರೆಯ ಗೇಟಿನೊಳಗೆ ಬಂದಾಗ ನಾವಿಬ್ಬರೂ ಮೆಟ್ಟಿಲ ಮೇಲೆ ನಿಂತಿದ್ದೆವು. ಅಪ್ಪ ನಮ್ಮನ್ನು ನೋಡಿ ಮೊದಲು ನಿಮ್ಮನ್ನು ಬೈದರು. "ಆ ಬಡಾಯಿಯ ಬಾಯಿಗೆ ಹೊಲಿಗೆ ಹಾಕಬೇಕಿತ್ತು" ಅಂದರು. ಅಮ್ಮ ಚೀಲಕ್ಕೆ ಕೈ ಚಾಚಿದಳು. ಕೊಟ್ಟರು.

ನಿಮ್ಮ ಪೊಟ್ಟಣ ಕೊಟ್ಟೆ, ಅಂಗಿಯ ಜೇಬಿಗೆ ಹಾಕಿಕೊಂಡರು. ಒಳಗೆ ಕರೆದುಕೊಂಡು ಹೋಗುವ ಮೊದಲು ನನ್ನನ್ನು ಹತ್ತಿರ ಕರೆದರು. ತಿಂಗಳ ಮೇಲೆ ಮೊದಲ ಸಲ. "ಮುಗಿದ ಮೇಲೆ ಡಾಕ್ಟರು ಹೊರಗೆ ಬಂದು ನಿನಗೆ ಏನು ಹೇಳ್ತಾರೋ ಅದನ್ನ ನನಗೆ ಹೇಳಬೇಕು. ಹೇಳ್ತೀಯಾ?" ಅಂದರು. ಹೇಳುತ್ತೇನೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ. "ನಾನು ಮಲಗಿದ್ದರೆ ಎಬ್ಬಿಸಿ ಹೇಳು" ಅಂದರು.

ಡಾಕ್ಟರು ಮಧ್ಯಾಹ್ನ ಹೊರಗೆ ಬಂದರು. ಕಿಡ್ನಿಯನ್ನು ಪೂರ್ತಿ ತೆಗೆದಿದ್ದಾರೆ, ಗಡ್ಡೆ ಅದರೊಳಗೇ ಇತ್ತು. ಆದರೆ ಪಕ್ಕದಲ್ಲಿ ಇನ್ನೊಂದು ಸಣ್ಣ ಗಂಟು ಸಿಕ್ಕಿತಂತೆ. ಅದನ್ನೂ ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು, ಈಗಲೇ ಹೇಳಲಾಗದು ಅಂದರು.

ಅಮ್ಮ ನನ್ನ ಕೈ ಹಿಡಿದುಕೊಂಡಳು. "ಪೂರ್ತಿ ತೆಗೆದರು ಅಂತಷ್ಟೇ ಹೇಳೇ. ಇವತ್ತೊಂದು ದಿನ ನೆಮ್ಮದಿಯಾಗಿ ಮಲಗಲಿ. ಗಂಟಿನ ಮಾತು ಆಮೇಲೆ" ಅಂದಳು. ಅವಳು ಹೇಳಿದ್ದು ತಪ್ಪು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುತ್ತಿಲ್ಲ. ಅಪ್ಪನ ಕೋಣೆಯವರೆಗೆ ಹೋದೆ. ಬಾಗಿಲಲ್ಲೇ ನಿಂತಿದ್ದೆ. ಅಪ್ಪ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದರು.

ಎಬ್ಬಿಸಿದೆ.

ಹೇಳಿದೆ. ಗಂಟಿನ ವಿಷಯವನ್ನೂ ಹೇಳಿದೆ. ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡು, "ಅಷ್ಟೇನಾ? ಇನ್ನೇನೂ ಇಲ್ವಾ?" ಅಂದರು. ಅಷ್ಟೇ ಅಪ್ಪ, ಅಂದೆ. "ಸರಿ. ತುಟಿ ಒಣಗಿದೆ, ಒಂಚೂರು ನೀರು ಮುಟ್ಟಿಸು" ಅಂದರು. ಬಟ್ಟೆ ಒದ್ದೆ ಮಾಡಿ ಮುಟ್ಟಿಸಿದೆ.

ಅತ್ತೆಯ ಉಸಿರಿಗೆ ಡಾಕ್ಟರು ಏನಂದರು? ಇದ್ದದ್ದು ಇದ್ದ ಹಾಗೆ ಬರೆಯಿರಿ.

ನಿಮ್ಮ ಸೊಸೆ